ಅನುಮಾನ ಬರಬೇಕಾದರೆ ತಲೆಯಲ್ಲಿ ಏನಾದರೂ ಇರಬೇಕು

(ಚಿಕ್ಕಮಗಳೂರಿನಲ್ಲಿ ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

“ಎಲ್ಲಾ ಫೋನಿನಲ್ಲೇ ಸಿಗುತ್ತಲ್ಲ ಮೇಡಂ, ಮತ್ಯಾಕೆ ಮಕ್ಕಳ ಕೈಲಿ ಬಾಯಿಪಾಠ ಮಾಡಿಸುತ್ತೀರಿ?” ಪೋಷಕರ ಸಭೆಗಳಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. ಈಚೆಗೆ ಮಕ್ಕಳೂ ಕೇಳುತ್ತಾರೆ. ಉಡಾಫೆಯಿಂದ ಕೇಳುವುದಿಲ್ಲ, ನಿಜವಾಗಿ ತಿಳಿಯದೆ ಕೇಳುತ್ತಾರೆ. ತುಂಗಾ ನದಿ ಎಲ್ಲಿ ಹುಟ್ಟುತ್ತದೆ ಎಂದು ಫೋನಿಗೆ ಬಾಯಲ್ಲಿ ಹೇಳಿದರೂ ಸಾಕು, ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬರುತ್ತದೆ. ಹಾಗಿರುವಾಗ ಅದನ್ನು ತಲೆಯಲ್ಲಿ ಯಾಕೆ ಹೊತ್ತು ತಿರುಗಬೇಕು? ನ್ಯಾಯವಾದ ಪ್ರಶ್ನೆ. ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು. ಇಸವಿ, ಊರು, ನದಿ, ರಾಜರ ಹೆಸರು ಉರು ಹೊಡೆಯಲೇಬೇಕು ಎಂದು ಮಕ್ಕಳು ಹೆದರುವ ವಿಷಯ ಅದು. ಹಾಗಾಗಿ ಉತ್ತರ ಕೊಡುವ ಜವಾಬ್ದಾರಿ ನನ್ನ ಮೇಲೆ ಜಾಸ್ತಿ ಇದೆ.

ನಮ್ಮ ಕಡೆ ಇದಕ್ಕೆ ಒಂದು ಸಿದ್ಧ ಉತ್ತರ ಇದೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಕರೆಂಟ್ ಹೋಗುತ್ತದೆ. ಕರೆಂಟ್ ಹೋದ ಹಿಂದೆಯೇ ಟವರ್ ಹೋಗುತ್ತದೆ. ಆಗ ಫೋನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೋವಿಡ್ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಸಿಗ್ನಲ್ ಹುಡುಕಿಕೊಂಡು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿದ್ದು ನಿಮಗೆಲ್ಲ ನೆನಪಿದೆ. ಆದರೆ ನನ್ನ ವಾದ ಇದರ ಮೇಲೆ ನಿಂತಿಲ್ಲ. ನಾಳೆ ಪ್ರತಿ ಗುಡ್ಡದ ಮೇಲೂ ಟವರ್ ಬರಲಿ, ಬರಬೇಕು. ಬಂದ ಮೇಲೂ ಈ ಪ್ರಶ್ನೆ ಹಾಗೇ ಉಳಿಯುತ್ತದೆ.

ಎರಡು ವಾಟ್ಸಾಪ್ ಸಂದೇಶ ತೆಗೆದುಕೊಳ್ಳೋಣ. ಒಂದು: ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಇನ್ನೊಂದು: ನಮ್ಮ ಜನಗಣಮನ ಜಗತ್ತಿನಲ್ಲೇ ಶ್ರೇಷ್ಠ ರಾಷ್ಟ್ರಗೀತೆ ಎಂದು ಯುನೆಸ್ಕೋ ಘೋಷಿಸಿದೆ. ಮೊದಲನೆಯದು ನಿಜ, 2023ರ ಸೆಪ್ಟೆಂಬರಿನಲ್ಲಿ ಆದದ್ದು. ಎರಡನೆಯದು ಸುಳ್ಳು, ಎಷ್ಟೋ ವರ್ಷದಿಂದ ಸುತ್ತುತ್ತಲೇ ಇದೆ. ಫೋನಿನ ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಎರಡನ್ನೂ ಓದಿದಾಗ ಎದೆ ಉಬ್ಬುತ್ತದೆ. ಎರಡರ ಕೆಳಗೂ ‘ಎಲ್ಲರಿಗೂ ಕಳಿಸಿ’ ಅಂತ ಇರುತ್ತದೆ.

ನಿಜವೋ ಸುಳ್ಳೋ ಹುಡುಕಿ ನೋಡಬಹುದಲ್ಲ ಎನ್ನುತ್ತೀರಿ. ನೋಡಬಹುದು, ಒಂದು ನಿಮಿಷದ ಕೆಲಸ. ಆದರೆ ಆ ಒಂದು ನಿಮಿಷವನ್ನು ಯಾರು ಕೊಡುತ್ತಾರೆ? ಅನುಮಾನ ಬಂದವರು ಮಾತ್ರ. ಅನುಮಾನ ಯಾರಿಗೆ ಬರುತ್ತದೆ? ಯುನೆಸ್ಕೋ ಏನು ಕೆಲಸ ಮಾಡುತ್ತದೆ, ರಾಷ್ಟ್ರಗೀತೆಗಳಿಗೆ ರ‍್ಯಾಂಕ್ ಕೊಡುವುದು ಅದರ ಕೆಲಸವೇ ಅಲ್ಲ ಎಂದು ಮೊದಲೇ ತಿಳಿದವರಿಗೆ. ತಿಳಿಯದವರಿಗೆ ಅಲ್ಲಿ ಹುಡುಕಬೇಕಾದ ಸಂಗತಿ ಇದೆ ಎಂದೇ ಅನಿಸುವುದಿಲ್ಲ. ಖುಷಿಪಟ್ಟು ಮುಂದಕ್ಕೆ ಕಳಿಸುತ್ತಾರೆ. ಅವರು ದಡ್ಡರೇನೂ ಅಲ್ಲ. ಅವರ ಕೈಯಲ್ಲಿ ಜಗತ್ತಿನ ಮಾಹಿತಿಯೆಲ್ಲ ಇತ್ತು. ಅದನ್ನು ತೆರೆದು ನೋಡುವಂತೆ ಮಾಡುವ ಒಂದು ಸಣ್ಣ ತಿಳಿವಳಿಕೆ ತಲೆಯಲ್ಲಿ ಇರಲಿಲ್ಲ, ಅಷ್ಟೇ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದೊಂದೇ. ಉತ್ತರ ಫೋನಿನಲ್ಲಿ ಸಿಗುತ್ತದೆ. ಪ್ರಶ್ನೆ ಮತ್ತು ಅನುಮಾನ ಹುಟ್ಟುವುದು ತಲೆಯೊಳಗೆ ಈಗಾಗಲೇ ಕೂತಿರುವ ತಿಳಿವಳಿಕೆಯಿಂದ. ಆ ತಿಳಿವಳಿಕೆಯನ್ನು ಮಕ್ಕಳ ತಲೆಯಲ್ಲಿ ಕೂರಿಸುವುದು ಶಾಲೆಯ ಕೆಲಸ. ಡಿಜಿಟಲ್ ಕಾಲದಲ್ಲಿ ಈ ಕೆಲಸ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ನನ್ನ ವಿಷಯದಿಂದಲೇ, ನಮ್ಮ ಜಿಲ್ಲೆಯಿಂದಲೇ ಇದನ್ನು ವಿವರಿಸುತ್ತೇನೆ. ಕುದುರೆಮುಖದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗೆ ಶೃಂಗೇರಿ ಹಾದು ತೀರ್ಥಹಳ್ಳಿ ಕಡೆ ಹೋಗುತ್ತಾಳೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿ ಅಣೆಕಟ್ಟೆಗೆ ಬರುತ್ತಾಳೆ. ಇಬ್ಬರೂ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗಿ, ಮುಂದೆ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾರೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತಾಳೆ. ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹೇಮಾವತಿ ಹುಟ್ಟುತ್ತಾಳೆ. ಸಕಲೇಶಪುರ, ಗೊರೂರು ದಾಟಿ ಕಾವೇರಿಗೆ ಸೇರುತ್ತಾಳೆ. ಬಾಬಾಬುಡನ್‌ಗಿರಿ ಸಾಲಿನಿಂದ ಇಳಿಯುವ ಯಗಚಿ ಬೇಲೂರಿನ ಮೇಲೆ ಹಾದು ಹೇಮಾವತಿಗೆ ಸೇರುತ್ತಾಳೆ. ಅದೇ ಗಿರಿಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರಿನ ಕಡೆ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿಸುತ್ತಾರೆ.

ಇದರಲ್ಲಿ ಯಾವ ಒಂದು ವಾಕ್ಯ ಬೇಕಾದರೂ ಫೋನಿನಲ್ಲಿ ಸಿಗುತ್ತದೆ. ಆದರೆ ಇವೆಲ್ಲ ಒಟ್ಟಿಗೆ ತಲೆಯಲ್ಲಿದ್ದರೆ ಏನಾಗುತ್ತದೆ ನೋಡಿ. ಖಾಲಿ ನಕ್ಷೆಯ ಮೇಲೆ ಈ ಗೆರೆಗಳನ್ನು ಪುಸ್ತಕ ನೋಡದೆ ಎಳೆಯಬಲ್ಲ ಒಬ್ಬ ಹುಡುಗ ಒಂದು ದಿನ ತಲೆಯೆತ್ತಿ ಕೇಳಿದ: “ಮಿಸ್, ನಮ್ಮ ಜಿಲ್ಲೆಯ ನೀರು ಎರಡೂ ಸಮುದ್ರಕ್ಕೆ ಹೋಗುತ್ತಾ? ಕೃಷ್ಣಾ ಗಲಾಟೆಯಲ್ಲೂ ನಾವಿದ್ದೇವಾ, ಕಾವೇರಿ ಗಲಾಟೆಯಲ್ಲೂ ನಾವಿದ್ದೇವಾ?” ಈ ಪ್ರಶ್ನೆಯನ್ನು ನಾನು ಕಲಿಸಿರಲಿಲ್ಲ. ಪುಸ್ತಕದಲ್ಲೂ ಇಲ್ಲ. ಬಿಡಿಬಿಡಿಯಾಗಿ ಹುಡುಕುವವನಿಗೆ ಇದು ಹೊಳೆಯುವುದಿಲ್ಲ, ಯಾಕೆಂದರೆ ಒಂದು ಉತ್ತರ ಸಿಕ್ಕ ಕೂಡಲೇ ಅವನ ಕೆಲಸ ಮುಗಿದಿರುತ್ತದೆ. ಎಲ್ಲ ಗೆರೆಗಳೂ ಒಂದೇ ತಲೆಯಲ್ಲಿ ಪಕ್ಕಪಕ್ಕ ಇದ್ದದ್ದರಿಂದ ಅವು ಒಂದನ್ನೊಂದು ಮುಟ್ಟಿದವು.

ಅಲ್ಲಿಂದ ಆ ತರಗತಿ ಎಲ್ಲಿಗೋ ಹೋಯಿತು. ಎತ್ತಿನಹೊಳೆ ಯೋಜನೆ ಬಂತು. ಸಕಲೇಶಪುರ ತಾಲ್ಲೂಕಿನಲ್ಲಿ ನೇತ್ರಾವತಿ ಕಡೆಗೆ, ಅಂದರೆ ಪಶ್ಚಿಮಕ್ಕೆ ಹರಿಯಬೇಕಾದ ಹಳ್ಳಗಳ ನೀರನ್ನು ಎತ್ತಿ ಪೂರ್ವದ ಬಯಲುಸೀಮೆಗೆ ಕಳಿಸುವ ಯೋಜನೆ. 2024ರ ಗೌರಿ ಹಬ್ಬದ ದಿನ ಅದರ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ಪಶ್ಚಿಮದ ನೀರು ಪೂರ್ವಕ್ಕೆ ಹೋದರೆ ಘಟ್ಟದ ಕೆಳಗಿನವರಿಗೆ ಏನಾಗುತ್ತದೆ? ಕೋಲಾರ, ಚಿಕ್ಕಬಳ್ಳಾಪುರದವರು ನೀರಿಲ್ಲದೆ ಎಷ್ಟು ವರ್ಷ ಕಾಯಬೇಕು? ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯಲ್ಲಿ ನಮ್ಮ ಕಡೂರು, ತರೀಕೆರೆಗೆ ಏನು ಬರುತ್ತದೆ? ಮಕ್ಕಳು ಎರಡು ಪಕ್ಷವಾಗಿ ವಾದ ಮಾಡಿದರು. ವಾದ ಮಾಡುವಾಗ ಅವರ ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಫೋನ್ ತೆಗೆದು ನೋಡಿದರು, ತುಂಬ ಒಳ್ಳೆಯದೇ ಆಯಿತು. ಏನು ಹುಡುಕಬೇಕು ಎಂದು ಆಗ ಅವರಿಗೆ ಗೊತ್ತಿತ್ತು.

ಹಾಗಾದರೆ ಬಾಯಿಪಾಠ ಮಾಡಿದರೆ ಸಾಕೇ? ಸಾಲದು. ‘ಹೇಮಾವತಿಯು ಕಾವೇರಿಯ ಉಪನದಿ’ ಎಂದು ಗಟ್ಟಿಯಾಗಿ ಹೇಳುವ ಮಗುವಿಗೆ, ಸಕಲೇಶಪುರದ ಸೇತುವೆ ಕೆಳಗೆ ಹರಿಯುವುದು ಅದೇ ಹೇಮಾವತಿ ಎಂದು ಗೊತ್ತಿಲ್ಲದೆ ಇರಬಹುದು. ಅಂಥ ಮಕ್ಕಳು ನನಗೆ ಸಿಕ್ಕಿದ್ದಾರೆ. ಇಂಥ ಬಾಯಿಪಾಠವನ್ನು ಕಂಡೇ ಜನ ಬೇಸತ್ತಿರುವುದು. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಅಂತ ಹಿರಿಯರು ಹೇಳಿದ್ದು ಇದಕ್ಕೇ. ಆ ಮಾತು ನನಗೂ ಒಪ್ಪಿಗೆ. ಆದರೆ ಈಗ ಅದನ್ನು ಒಕ್ಕಾಲು ಭಾಗವನ್ನೂ ಬಿಟ್ಟುಬಿಡಲು ಬಳಸುತ್ತಿದ್ದಾರೆ. ಅದು ನನಗೆ ನೋವು ತರುತ್ತದೆ.

ಮಗ್ಗಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನಸ್ಸು ಒಂದು ಹೊತ್ತಿನಲ್ಲಿ ಎಷ್ಟು ಸಂಗತಿಗಳನ್ನು ಹಿಡಿದುಕೊಳ್ಳಬಲ್ಲದು ಎಂಬುದಕ್ಕೆ ಮಿತಿ ಇದೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ ಅದು ಏಳರ ಆಸುಪಾಸು ಎಂದರು. ಆಮೇಲೆ ಬಂದ ನೆಲ್ಸನ್ ಕೋವನ್, ಅಷ್ಟೂ ಇಲ್ಲ, ನಾಲ್ಕರ ಆಸುಪಾಸು ಎಂದರು. ಅಂದರೆ ಮನಸ್ಸು ನಮ್ಮ ಬಸ್ ಸ್ಟ್ಯಾಂಡಿನ ಆಟೋ ಇದ್ದ ಹಾಗೆ, ಸೀಟು ಕಡಿಮೆ. ಬಡ್ಡಿ ಲೆಕ್ಕ ಮಾಡುತ್ತಿರುವ ಮಗು ಏಳೆಂಟ್ಲ ಎಷ್ಟು ಎಂದು ಬೆರಳು ಎಣಿಸುತ್ತಾ ಕೂತರೆ ಸೀಟೆಲ್ಲ ಅದಕ್ಕೇ ಹೋಯಿತು. ಬಡ್ಡಿ ಅಂದರೆ ಏನು, ಈ ಸಾಲ ತೆಗೆದುಕೊಳ್ಳಬೇಕೋ ಬೇಡವೋ ಎಂದು ಯೋಚಿಸಲು ಜಾಗ ಉಳಿಯುವುದಿಲ್ಲ. ಏಳೆಂಟ್ಲ ಐವತ್ತಾರು ಬಾಯಿಗೆ ಬಂದಿದ್ದರೆ ಅದು ಸೀಟು ಕೇಳುವುದೇ ಇಲ್ಲ. ಕ್ಯಾಲ್ಕುಲೇಟರ್ ಇದೆಯಲ್ಲ ಎಂದರೆ, ಇದೆ. ಆದರೆ ಒತ್ತುವಾಗ ಒಂದು ಸೊನ್ನೆ ಜಾಸ್ತಿಯಾದರೆ ‘ಇದು ಇಷ್ಟು ಇರಲಿಕ್ಕಿಲ್ಲ’ ಎಂದು ಹೇಳಬೇಕಾದವರು ಯಾರು? ಸಂತೆಯಲ್ಲಿ ಮೆಣಸು ತೂಗಿಸಿ ಮಾರುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಎಐ ಬಂದಿದೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಬಾಯಿಪಾಠದ ಪ್ರಶ್ನೆ ಇನ್ನೂ ಜೋರಾಗಿದೆ. ಹುಡುಕುವುದೂ ಬೇಡ, ಓದುವುದೂ ಬೇಡ, ಅದೇ ಬರೆದು ಕೊಡುತ್ತದೆ.

ನನಗೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಇಷ್ಟ. ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶ ಕವಿಯ ಊರು ಎಂದು ನಂಬಿ ಬೆಳೆದವರು ನಾವು. ಅವನ ಜೈಮಿನಿ ಭಾರತದ ಪದ್ಯಗಳು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಪುಸ್ತಕ ಇಲ್ಲದೆಯೇ ಓಡಾಡುತ್ತಿದ್ದವು. ಒಮ್ಮೆ ಒಂದು ಎಐ ಆ್ಯಪಿಗೆ, ಚಂದ್ರಹಾಸನ ಕಥೆಯಿಂದ ಒಂದು ಪದ್ಯ ಕೊಡು ಎಂದು ಕೇಳಿದೆ. ಕೊಟ್ಟಿತು. ಆರು ಸಾಲು, ಹಳೆಯ ಶಬ್ದಗಳು, ಕೊನೆಗೆ ಒಂದು ಅರ್ಥವಿವರಣೆ. ಕಣ್ಣಿಗೆ ಷಟ್ಪದಿಯೇ. ಬಾಯಿಬಿಟ್ಟು ಓದಿದೆ. ಎರಡನೇ ಸಾಲಿಗೇ ಮುಗ್ಗರಿಸಿತು. ಜೈಮಿನಿ ಭಾರತ ಇರುವುದು ವಾರ್ಧಕ ಷಟ್ಪದಿಯಲ್ಲಿ. ಅದು ಐದೈದು ಮಾತ್ರೆಯ ಗಣಗಳಲ್ಲಿ ನಡೆಯುತ್ತದೆ. ಒಂದು, ಎರಡು, ನಾಲ್ಕು, ಐದನೇ ಸಾಲಿನಲ್ಲಿ ಅಂಥ ನಾಲ್ಕು ಗಣ. ಮೂರು ಮತ್ತು ಆರನೇ ಸಾಲಿನಲ್ಲಿ ಆರು ಗಣ, ಮೇಲೊಂದು ಗುರು. ಅದು ಕೊಟ್ಟ ಸಾಲುಗಳಲ್ಲಿ ಆ ನಡೆಯೇ ಇರಲಿಲ್ಲ. ಮಾತ್ರೆ ಎಣಿಸುವ ಮೊದಲೇ ಕಿವಿ ಹೇಳಿತು, ಇದು ಲಕ್ಷ್ಮೀಶನದಲ್ಲ ಎಂದು. ಪುಸ್ತಕ ತೆಗೆದು ನೋಡಿದೆ. ಆ ಪದ್ಯ ಅಲ್ಲಿ ಇರಲೇ ಇಲ್ಲ.

ಇದು ಯಾಕೆ ಹೀಗಾಗುತ್ತದೆ ಎಂದು ಶಿಕ್ಷಕರು ತಿಳಿದಿರಬೇಕು. ಈ ಯಂತ್ರಗಳು ಕಪಾಟಿನಿಂದ ಪುಸ್ತಕ ತೆಗೆದು ಓದಿ ಹೇಳುತ್ತಿಲ್ಲ. ರಾಶಿ ರಾಶಿ ಬರಹ ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಜಾಸ್ತಿ ಎಂದು ಅವಕ್ಕೆ ಕಲಿಸಿರುತ್ತಾರೆ. ಹಾಗಾಗಿ ಸರಿಯುತ್ತರವೂ ತಪ್ಪುತ್ತರವೂ ಒಂದೇ ಧೈರ್ಯದ ದನಿಯಲ್ಲಿ ಬರುತ್ತವೆ. ಕನ್ನಡದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಂತರ್ಜಾಲದಲ್ಲಿ ಇಂಗ್ಲಿಷಿನ ಪಕ್ಕ ಕನ್ನಡದ ಬರಹ ಬಹಳ ಕಡಿಮೆ. ನಮ್ಮ ಕಾವ್ಯ, ನಮ್ಮ ಶಾಸನ, ನಮ್ಮ ಊರಿನ ಚರಿತ್ರೆಯ ಬಗ್ಗೆ ಅವು ಕಲಿತದ್ದೂ ಕಡಿಮೆ. ಇಂಗ್ಲಿಷಿನವರಿಗಿಂತ ನಾವು ಹೆಚ್ಚು ತಿಳಿದಿರಬೇಕಾದ ಕಾಲ ಇದು. ನಮ್ಮ ಮಕ್ಕಳಿಗೆ ಕಿವಿ ಇಲ್ಲದಿದ್ದರೆ, ಯಂತ್ರ ಕಟ್ಟಿದ ಪದ್ಯವೇ ಲಕ್ಷ್ಮೀಶನ ಪದ್ಯವಾಗಿ ಉಳಿದುಬಿಡುತ್ತದೆ. ತಿದ್ದುವವರು ಇರುವುದಿಲ್ಲ. ನಾನು ಈ ವಿಷಯ ಇಷ್ಟು ಒತ್ತಿ ಹೇಳುತ್ತಿರುವುದು ಇದೇ ಭಯದಿಂದ.

ಬಾಯಿಪಾಠ ಮಾಡಿದರೆ ಸ್ವಂತ ಯೋಚನೆ ಸಾಯುತ್ತದೆ ಅಂತ ಹೇಳುವವರಿದ್ದಾರೆ. ಅವರನ್ನು ನಾನು ತಾಳಮದ್ದಳೆಗೆ ಕರೆಯುತ್ತೇನೆ. ಕೊಪ್ಪ, ಶೃಂಗೇರಿ ಕಡೆಯವರಿಗೆ ಹೇಳುವುದೇ ಬೇಡ. ಮಳೆಗಾಲದಲ್ಲಿ ಯಕ್ಷಗಾನದ ಬಯಲಾಟ ಇರುವುದಿಲ್ಲ, ತಾಳಮದ್ದಳೆಯ ಕೂಟ ಇರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಪದ್ಯ ಗೊತ್ತಿರುತ್ತದೆ. ಮಾತು ಮಾತ್ರ ಬರೆದಿಟ್ಟದ್ದಲ್ಲ. ವಾಲಿ ಮೋಕ್ಷ ನಡೆಯುತ್ತಿದೆ ಎನ್ನಿ. ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ರಾಮನನ್ನು ಕೇಳುತ್ತಾನೆ. ಕಥೆ ಎಲ್ಲರಿಗೂ ಗೊತ್ತು. ಆದರೆ ಇವತ್ತಿನ ವಾಲಿ ಯಾವ ಕಡೆಯಿಂದ ಪ್ರಶ್ನೆ ಎತ್ತುತ್ತಾನೆ ಎಂದು ಇವತ್ತಿನ ರಾಮನಿಗೆ ಗೊತ್ತಿಲ್ಲ. ರಾಜಧರ್ಮ ಎತ್ತುತ್ತಾನೋ, ಬೇಟೆಯ ನ್ಯಾಯ ಎತ್ತುತ್ತಾನೋ, ಸುಗ್ರೀವನ ಸ್ನೇಹದ ಲಾಭ ಎತ್ತುತ್ತಾನೋ. ಮರುಕ್ಷಣವೇ ಉತ್ತರ ಕೊಡಬೇಕು. ಸಭೆ ಕಾಯುತ್ತಿರುತ್ತದೆ.

ಆ ಉತ್ತರ ಎಲ್ಲಿಂದ ಬರುತ್ತದೆ? ಒಳ್ಳೆಯ ಅರ್ಥಧಾರಿಯ ತಲೆಯಲ್ಲಿ ರಾಮಾಯಣ, ಭಾರತ, ಭಾಗವತ, ಕುಮಾರವ್ಯಾಸನ ಪದ್ಯ, ಗಾದೆ, ಊರಿನ ಕಥೆ ಎಲ್ಲವೂ ಬಾಯಿಗೆ ಬರುವ ಹಾಗೆ ಇರುತ್ತವೆ. ಅವುಗಳಲ್ಲಿ ಯಾವುದು ಈ ಕ್ಷಣಕ್ಕೆ ಒದಗುತ್ತದೆ ಎಂದು ಅವರಿಗೂ ಮೊದಲೇ ಗೊತ್ತಿರುವುದಿಲ್ಲ. ಎದುರಿನವರ ಮಾತು ಕೇಳಿದ ಕೂಡಲೇ ಎರಡು ಸಂಗತಿಗಳು ಒಳಗೇ ಕೂಡಿಕೊಂಡು ಹಿಂದೆ ಯಾರೂ ಹೇಳದ ಒಂದು ಮಾತು ಹೊರಗೆ ಬರುತ್ತದೆ. ನಾನು ನೋಡಿರುವ ಅತ್ಯಂತ ಸ್ವತಂತ್ರವಾದ ಯೋಚನೆ ತಾಳಮದ್ದಳೆಯ ಕೂಟಗಳಲ್ಲೇ. ಅದರ ತಳದಲ್ಲಿ ಇರುವುದು ಬೇಕಾದಷ್ಟು ಬಾಯಿಪಾಠ. ಶಾಲೆಯೇ ಹೆಚ್ಚು ಓದದ ಅರ್ಥಧಾರಿಗಳೂ ಇದ್ದಾರೆ. ಅವರ ಮಾತು ಕೇಳಿ ಎಂಎ ಮಾಡಿದವರು ಸುಮ್ನೆ ಕೂತಿರುತ್ತಾರೆ.

ನಮ್ಮ ಶಾಲೆಗಳ ಬಾಯಿಪಾಠಕ್ಕೂ ಇದಕ್ಕೂ ವ್ಯತ್ಯಾಸ ಎಲ್ಲಿದೆ? ಅರ್ಥಧಾರಿ ಕಲಿತದ್ದನ್ನು ಮತ್ತೆ ಮತ್ತೆ ಬಳಸುತ್ತಾನೆ, ಎದುರಾಳಿಯ ಮುಂದೆ ಬಳಸುತ್ತಾನೆ. ನಮ್ಮ ಮಕ್ಕಳು ಒಂದೇ ಸಲ, ಮೂರು ಗಂಟೆ ಬಳಸುತ್ತಾರೆ. ಆಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಗೈಡು, ಪಾಸಿಂಗ್ ಪ್ಯಾಕೇಜು, ‘ಇದು ಬಂದೇ ಬರುತ್ತೆ’ ಎಂದು ಗುರುತು ಹಾಕಿದ ಪ್ರಶ್ನೆಗಳು. ಶಿಕ್ಷಕರನ್ನು ನಾನು ದೂರುತ್ತಿಲ್ಲ. ಫಲಿತಾಂಶ ಕಡಿಮೆಯಾದರೆ ನೋಟಿಸು ಬರುವುದು ನಮಗೇ, ಅದು ನನಗೆ ಗೊತ್ತು.

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪಿಸಿಕೊಳ್ಳಿ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಡಿಜಿಟಲ್ ಯುಗ ನಮ್ಮ ಪರೀಕ್ಷೆಗೆ ಕಾಲಿಟ್ಟದ್ದು ಹೀಗೆ. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. ಕಟ್ಟುನಿಟ್ಟು ಜಾಸ್ತಿಯಾದದ್ದೇ ಮುಖ್ಯ ಕಾರಣ ಎಂಬ ಮಾತು ಆಗ ಎಲ್ಲೆಡೆ ಕೇಳಿಬಂತು. ಅದು ನಿಜವಾದರೆ ಅದರಿಂದ ಒಂದು ಸಂಗತಿ ಹೊರಬರುತ್ತದೆ. ನಮ್ಮ ಶಿಕ್ಷಣ ಬರೀ ಬಾಯಿಪಾಠ ಎಂದು ಇಷ್ಟು ವರ್ಷ ಬೈದುಕೊಂಡು ಬಂದೆವಲ್ಲ, ಎಷ್ಟೋ ಕಡೆ ಆ ಬಾಯಿಪಾಠವೂ ಆಗಿರಲಿಲ್ಲ. ಮಕ್ಕಳ ತಲೆಯಲ್ಲಿ ಉಳಿದದ್ದು ಏನೂ ಇರಲಿಲ್ಲ. ಅರ್ಥವೂ ಇಲ್ಲ, ಮಾತೂ ಇಲ್ಲ.

ಇನ್ನು ಹೇಗೆ ಕಲಿತರೆ ಉಳಿಯುತ್ತದೆ ಎಂಬ ವಿಷಯ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಕೊಟ್ಟರು. ಕೆಲವರು ಅದನ್ನು ಮತ್ತೆ ಓದಿದರು. ಕೆಲವರು ಪಾಠ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಖಾಲಿ ಹಾಳೆಯಲ್ಲಿ ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಮಾಡಿದಾಗ ಲೆಕ್ಕ ತಿರುಗಿತು. ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಸ್ಪಷ್ಟವಾಗಿ ಮುಂದಿದ್ದರು. ಮತ್ತೆ ಮತ್ತೆ ಓದಿದವರಿಗೆ ತಮಗೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಜಾಸ್ತಿ ಇತ್ತು ಎನ್ನುವುದು ಇದರಲ್ಲಿ ಗಮನಿಸಬೇಕಾದ ಮಾತು. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕದ ಸಾಲುಗಳ ಕೆಳಗೆ ಹಳದಿ ಗೆರೆ ಎಳೆಯುತ್ತಾ ಕೂರುವ ನಮ್ಮ ಮಕ್ಕಳು ಇದೇ ನಂಬಿಕೆಯಲ್ಲಿರುತ್ತಾರೆ.

ನಮ್ಮ ಹಳೆಯ ಶಾಲೆಗಳಲ್ಲಿ ಮಕ್ಕಳು ಪದ್ಯ ಒಪ್ಪಿಸುತ್ತಿದ್ದರಲ್ಲ, ಮಗ್ಗಿ ಒಪ್ಪಿಸುತ್ತಿದ್ದರಲ್ಲ, ಅದರಲ್ಲಿ ಈ ತತ್ವ ಇತ್ತು. ಪುಸ್ತಕ ಮುಚ್ಚಿ, ನಿಂತು, ನೆನಪಿನಿಂದ ತೆಗೆದು ಹೇಳುವುದು. ಅದರ ಜೊತೆಗೆ ಬೆತ್ತವೂ ಇತ್ತು, ಅವಮಾನವೂ ಇತ್ತು. ತಪ್ಪಿದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸುವುದಿತ್ತು. ಬಾಯಿಪಾಠದ ವಿದ್ಯೆಯಲ್ಲಿ ಎಷ್ಟೋ ಜಾತಿಗಳವರಿಗೆ, ಹೆಣ್ಣುಮಕ್ಕಳಿಗೆ ಬಾಗಿಲೇ ಮುಚ್ಚಿದ ಕಾಲವೂ ಇತ್ತು. ಹಾಗಾಗಿ ಹಳೆಯದಕ್ಕೆ ವಾಪಸ್ ಹೋಗಿ ಎಂದು ನಾನು ಯಾವತ್ತೂ ಹೇಳಲಾರೆ. ಒಪ್ಪಿಸುವುದು ಇರಲಿ, ಬೆತ್ತ ಬೇಡ. ಅಂಕವೂ ಬೇಡ. ವಾರ ಬಿಟ್ಟು ಮತ್ತೆ ಕೇಳಿ, ತಿಂಗಳು ಬಿಟ್ಟು ಮತ್ತೆ ಕೇಳಿ. ಮರೆತಿದ್ದರೆ ಮತ್ತೆ ಹೇಳಿಕೊಡಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಜ್ಞಾನ ಫೋನಿನಲ್ಲಿದೆ, ಶಾಲೆ ಬರೀ ‘ಕಲಿಯುವುದನ್ನು ಕಲಿಸಿದರೆ’ ಸಾಕು ಎನ್ನುವುದು ಕೇಳಲು ಚೆನ್ನಾಗಿದೆ. ಆದರೆ ಅದರಿಂದ ಯಾರಿಗೆ ನಷ್ಟ? ಅಪ್ಪ ಅಮ್ಮ ಓದಿದವರಾದರೆ, ಊಟದ ಹೊತ್ತಿನ ಮಾತಿನಲ್ಲೇ ಮಗುವಿಗೆ ಸಂವಿಧಾನ, ಷೇರು ಪೇಟೆ, ವಿಟಮಿನ್ನು, ಕಾವೇರಿ ತೀರ್ಪು ಎಲ್ಲ ಕಿವಿಗೆ ಬಿದ್ದಿರುತ್ತದೆ. ತೋಟದ ಕೂಲಿಕಾರರ ಲೈನ್ ಮನೆಯಲ್ಲಿ ಬೆಳೆಯುವ ಮಗುವಿಗೆ ಅದು ಬೀಳುವುದಿಲ್ಲ. ಈಗ ಅಸ್ಸಾಮಿನಿಂದ, ಜಾರ್ಖಂಡಿನಿಂದ ಕೆಲಸಕ್ಕೆ ಬಂದವರ ಮಕ್ಕಳು ನಮ್ಮ ಶಾಲೆಗಳಲ್ಲಿ ಕನ್ನಡ ಕಲಿಯುತ್ತಿದ್ದಾರೆ. ಆ ಮಕ್ಕಳಿಗೆ ಲೋಕದ ತಿಳಿವಳಿಕೆ ಸಿಗುವ ಜಾಗ ಶಾಲೆ ಒಂದೇ. ಅಲ್ಲೂ ನಾವು ‘ಗೂಗಲ್ ಮಾಡ್ಕೋ’ ಎಂದು ಕೈತೊಳೆದುಕೊಂಡರೆ ಅವರಿಗೆ ಉಳಿಯುವುದು ಏನು? ಹತ್ತಿರ ಫೋನ್ ಇದ್ದರೂ, ಏನು ಕೇಳಬೇಕು ಎಂದು ತಿಳಿಯದ ಮಗುವಿಗೆ ಅದು ರೀಲ್ಸ್ ತೋರಿಸುತ್ತದೆ.

ಪಕ್ಕದ ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ದೇಶದ ಸಂಪರ್ಕ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. 2004ರ ಸೆಪ್ಟೆಂಬರಿನಲ್ಲಿ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಮಾಡಿದ ನಮ್ಮ ಮೊದಲ ಉಪಗ್ರಹ. ಒಳ್ಳೆಯ ಪಾಠವನ್ನು ಆಕಾಶದಿಂದ ಪ್ರತಿ ಶಾಲೆಗೂ ತಲುಪಿಸುವ ದೊಡ್ಡ ಕನಸು ಅದು. ಚಾಮರಾಜನಗರದ ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗ ನಡೆಯಿತು. ಆ ಕನಸಿನ ಬಗ್ಗೆ ನನಗೆ ಗೌರವ ಇದೆ. ಈಗ ಪ್ರತಿ ಪಠ್ಯಪುಸ್ತಕದ ಕ್ಯೂಆರ್ ಕೋಡಿನಲ್ಲಿ, ಪ್ರತಿ ಫೋನಿನಲ್ಲಿ ಪಾಠ ತಲುಪಿದೆ. ತಲುಪಿಸುವ ಕೆಲಸ ಬಹುಪಾಲು ಮುಗಿಯಿತು. ತಲುಪಿದ ಪಾಠ ಮಗುವಿನ ತಲೆಯೊಳಗೆ ಹೋಗಿ ಕೂರುವ ಕೆಲಸ ಮಾತ್ರ ಇವತ್ತಿಗೂ ಒಂದು ಕೊಠಡಿ, ಒಬ್ಬ ಶಿಕ್ಷಕಿ, ನಲವತ್ತು ಮಕ್ಕಳ ನಡುವೆಯೇ ಆಗಬೇಕಾಗಿದೆ.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ಹಾಗಾದರೆ ಏನೇನು ಬಾಯಿಪಾಠ ಮಾಡಿಸಬೇಕು? ಎಲ್ಲವನ್ನೂ ಮಾಡಿಸಲು ಆಗುವುದಿಲ್ಲವಲ್ಲ?

ಖಂಡಿತ ಬೇಡ. ಸ್ವಲ್ಪ ಸಾಕು, ಆದರೆ ಆ ಸ್ವಲ್ಪ ಗಟ್ಟಿಯಾಗಿರಲಿ. ಇಪ್ಪತ್ತರವರೆಗೆ ಮಗ್ಗಿ, ಸಾಧ್ಯವಾದರೆ ಕಾಲು, ಅರೆ, ಮುಕ್ಕಾಲು ಮಗ್ಗಿ. ವರ್ಷಕ್ಕೆ ಕೆಲವು ಪದ್ಯ, ಮಗುವಿಗೆ ಇಷ್ಟವಾದವೇ ಆಗಲಿ. ತನ್ನ ಜಿಲ್ಲೆಯ, ರಾಜ್ಯದ ನಕ್ಷೆ ನೋಡದೆ ಬರೆಯಲು ಬರಬೇಕು. ಕೆಲವೇ ಕೆಲವು ಇಸವಿ ಸಾಕು. ಉದಾಹರಣೆಗೆ ಬೇಲೂರಿನ ಚೆನ್ನಕೇಶವ ದೇವಾಲಯ 1117. ಅದೇ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450. ಈ ಎರಡು ಸಂಖ್ಯೆ ಗೊತ್ತಿರುವ ಮಗು ತಾನೇ ಕಳೆದು ನೋಡುತ್ತದೆ. ಆರುನೂರ ಐವತ್ತಕ್ಕೂ ಹೆಚ್ಚು ವರ್ಷ! ಬೇಲೂರಿನ ಮೊದಲ ಕಲ್ಲು ಕೆತ್ತುವ ಹೊತ್ತಿಗೆ ಆ ಶಾಸನವೇ ಅಷ್ಟು ಹಳೆಯದಾಗಿತ್ತು. ನಡುವಿನ ಕಾಲದಲ್ಲಿ ಇಲ್ಲಿ ಏನು ನಡೆಯಿತು ಎಂದು ಆಗ ಕೇಳುತ್ತದೆ. ಇಸವಿ ಕಲಿಸುವುದು ಆ ಪ್ರಶ್ನೆಗಾಗಿ.

ಇನ್ನೊಬ್ಬರು, ತಮ್ಮ ಮಗಳಿಗೆ ನೆನಪಿನ ಶಕ್ತಿ ಕಡಿಮೆ, ಎಷ್ಟು ಹೇಳಿಸಿದರೂ ಮರೆಯುತ್ತಾಳೆ ಎಂದರು. ಅವಳಿಗೆ ಸಿನಿಮಾ ಹಾಡು ಬರುತ್ತದಾ ಎಂದು ಕೇಳಿದೆ. ಎಲ್ಲಾ ಬರುತ್ತೆ ಎಂದರು. ಹಾಗಾದರೆ ಶಕ್ತಿ ಇದೆ ಅಲ್ವಾ? ಹಾಡನ್ನು ಅವಳು ಇಷ್ಟಪಟ್ಟು ಕೇಳಿದ್ದಾಳೆ, ದಿನ ಬಿಟ್ಟು ದಿನ ಗುನುಗಿದ್ದಾಳೆ, ತಪ್ಪಿದರೆ ಯಾರೂ ಬೈದಿಲ್ಲ. ಪಾಠಕ್ಕೂ ಇಷ್ಟೇ ಬೇಕು. ಒಂದು ಸಲಕ್ಕೆ ಕಡಿಮೆ ಕೊಡಿ, ಹೆಚ್ಚು ಸಲ ಕೇಳಿ. ನಿಜವಾಗಿ ಕಲಿಕೆಯ ತೊಂದರೆ ಇರುವ ಮಕ್ಕಳೂ ಇದ್ದಾರೆ. ಅವರಿಗೆ ತಜ್ಞರ ನೆರವು ಬೇಕು, ಬೈಗುಳ ಬೇಡ.

ಕೊನೆಗೆ ಒಬ್ಬ ಶಿಕ್ಷಕರು ಕೇಳಿದರು: ಪ್ರಾಜೆಕ್ಟ್ ವರದಿಗಳನ್ನು ಮಕ್ಕಳು ಎಐ ಕೈಲಿ ಬರೆಸಿ ತರುತ್ತಾರೆ. ಚೆನ್ನಾಗಿಯೇ ಇರುತ್ತದೆ. ಏನು ಮಾಡುವುದು?

ನಾನು ತರಬೇಡಿ ಎನ್ನುವುದನ್ನು ಬಿಟ್ಟಿದ್ದೇನೆ. ತನ್ನಿ, ಆದರೆ ಎರಡು ಷರತ್ತು. ಒಂದು, ವರದಿಯನ್ನು ನನ್ನ ಮೇಜಿನ ಮೇಲಿಟ್ಟು, ಕೈಯಲ್ಲಿ ಹಾಳೆ ಇಲ್ಲದೆ ತರಗತಿಯ ಮುಂದೆ ಮಾತಾಡಬೇಕು. ಮಕ್ಕಳು ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡಬೇಕು. ಎರಡು, ಎಐ ಬರೆದದ್ದರಲ್ಲಿ ಒಂದಾದರೂ ತಪ್ಪು ಹುಡುಕಿ, ಅದು ಯಾಕೆ ತಪ್ಪು ಎಂದು ಪುಸ್ತಕ ತೋರಿಸಿ ಹೇಳಬೇಕು. ತಪ್ಪು ಸಿಗದಿದ್ದರೆ, ಯಾವ ಯಾವ ಸಾಲನ್ನು ಹೇಗೆ ಪರೀಕ್ಷಿಸಿದಿರಿ ಎಂದು ಹೇಳಬೇಕು. ಹೋದ ಸಲ ಒಬ್ಬ ಹುಡುಗಿಯ ವರದಿಯಲ್ಲಿ ಯಗಚಿ ಭದ್ರೆಗೆ ಸೇರುತ್ತದೆ ಎಂದು ಬಂದಿತ್ತು. ಅವಳು ಓದುತ್ತಿದ್ದಂತೆಯೇ ಹಿಡಿದಳು. ‘ಯಗಚಿ ಬೇಲೂರಿಗೆ ಹೋಗುತ್ತೆ, ಭದ್ರಾ ಆ ಕಡೆ ಇದೆ, ಅದು ಹೇಗೆ ಸೇರುತ್ತೆ?’ ಎಂದು ನಕ್ಷೆ ಬರೆದು ತೋರಿಸಿದಳು. ಹೀಗೆ ಹಿಡಿಯಲು ಬೇಕಾದ ನಕ್ಷೆಯನ್ನು ಅವಳು ಎಂಟನೇ ತರಗತಿಯಿಂದ ಬರೆಯುತ್ತಾ ಬಂದಿದ್ದಳು. ನದಿಗಳಿಲ್ಲದ, ಬರೀ ಗಡಿ ಇರುವ ಜಿಲ್ಲೆಯ ಖಾಲಿ ನಕ್ಷೆಗಳನ್ನು ಜೆರಾಕ್ಸ್ ಮಾಡಿಸಿ ತಂದಿದ್ದೇನೆ. ಬೇಕಾದ ಶಿಕ್ಷಕರು ಕಾರ್ಯಕ್ರಮ ಮುಗಿದ ಮೇಲೆ ನನ್ನ ಹತ್ತಿರ ತೆಗೆದುಕೊಳ್ಳಬಹುದು.